ಹಗಲು ನಿದ್ದೆಯ ಕೋಣೆ

ಕಿಟಕಿಗಳನ್ನು ನೋಡುತ್ತ ನಡೆಯುವುದು ಅವಳಿಗೆ ಹಳೆಯ ಚಾಳಿ. ಸಂಜೆ ಅಂಗಡಿಯಿಂದ ಹೊರಬಿದ್ದಳೆಂದರೆ ಕಾಲು ತನ್ನ ಪಾಡಿಗೆ ತಾನು ಮನೆಯ ದಾರಿ ಹಿಡಿಯುತ್ತಿತ್ತು. ಕಣ್ಣು ಮಾತ್ರ ಮೇಲೆ, ಬೀದಿಯ ಎರಡೂ ಬದಿಯ ಕಿಟಕಿಗಳ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಒಂದೊಂದೇ ದೀಪ ಹತ್ತುವ ಹೊತ್ತು. ಯಾರದೋ ಮನೆಯ ಹಳದಿ ಬೆಳಕು, ಯಾರೋ ಕೈಯೆತ್ತಿ ತಲೆ ಬಾಚಿಕೊಳ್ಳುವ ನೆರಳು. ಆ ಕಿಟಕಿಗಳಲ್ಲಿ ಕೆಲವಕ್ಕೆ ಇಳಿಬಿದ್ದ ಪರದೆ ಅವಳೇ ಹೊಲಿದದ್ದು. ಅಂಥದ್ದು ಕಣ್ಣಿಗೆ ಬಿದ್ದರೆ, ಮದುವೆಯಾಗಿ ಹೋದ ತಂಗಿಯನ್ನು ಅಕಸ್ಮಾತ್ತಾಗಿ ದಾರಿಯಲ್ಲಿ ಕಂಡ ಹಾಗೆ ಒಂದು ಕ್ಷಣ ನಿಲ್ಲುವಳು. ಚೆನ್ನಾಗಿದ್ದೀಯಾ, ನೆರಿಗೆ ಕೆಟ್ಟಿಲ್ಲ ತಾನೇ, ಎಂದು ಮನಸ್ಸಿನಲ್ಲೇ ವಿಚಾರಿಸಿ ಮುಂದೆ ಹೋಗುವಳು.

ಪರದೆ ಹೊಲಿದು ಹೊಲಿದು ಅವಳ ಹೆಸರೇ ಪರದೆಯಕ್ಕ ಎಂದಾಗಿತ್ತು. ಅಂಗಡಿಯ ಮಾಲೀಕರೂ ಹಾಗೇ ಕರೆಯುತ್ತಿದ್ದರು, ಬಟ್ಟೆ ಕೊಳ್ಳಲು ಬಂದವರೂ ಹಾಗೇ. ಮಗಳು ಸಿಟ್ಟು ಬಂದಾಗ ಹಾಗೆ ಕರೆದು, ನಕ್ಕು, ಬೈಸಿಕೊಳ್ಳುತ್ತಿದ್ದಳು.

ಈಚೆಗೆ ಅವಳ ಬಲಗೈ ಹೆಬ್ಬೆರಳು ಮುನಿಸಿಕೊಂಡಿತ್ತು. ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವಾಗ ಬುಡದಲ್ಲಿ ಛಳಕ್ಕೆಂದು ಒಂದು ನೋವು. ಬಿಸಿನೀರಲ್ಲಿ ಅದ್ದಿದ್ದಾಯಿತು, ಪಟ್ಟಿ ಸುತ್ತಿದ್ದಾಯಿತು. ಡಾಕ್ಟರು ಬೆರಳನ್ನು ಅತ್ತ ಇತ್ತ ತಿರುಗಿಸಿ, "ಸವೆದಿದೆ ಕಣಮ್ಮ. ಇನ್ನು ಕೆಲವು ವರ್ಷ ಎಳೀಬಹುದು. ಆಮೇಲೆ ಇದನ್ನ ನಂಬ್ಕೊಂಡು ಕೂರಬೇಡ" ಎಂದಿದ್ದರು.

ಅಂದಿನಿಂದ ಅವಳ ತಲೆಯಲ್ಲಿ ಒಂದೇ ಯೋಚನೆ. ಈ ಕೈ ನಿಂತ ದಿನ ಬೇರೆ ಏನೋ ಒಂದು ತನ್ನ ಬದಲಿಗೆ ದುಡಿಯಬೇಕು. ಕೂತಲ್ಲೇ ಕೂತು, ಉಪ್ಪು ಕೇಳದೆ ಸೊಪ್ಪು ಕೇಳದೆ ದುಡಿಯುವಂಥದ್ದು. ಅಂದರೆ ಮನೆ. ಸಣ್ಣದೊಂದು ಮನೆ ಕೊಂಡು ಬಾಡಿಗೆಗೆ ಬಿಡುವುದು; ಬಂದ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಕಟ್ಟುವುದು; ಕಂತು ತೀರುವ ಹೊತ್ತಿಗೆ ಹೆಬ್ಬೆರಳಿಗೆ ರಜೆ.

"ಕೊಳ್ಳೋದೇ ಆದ್ರೆ ನಾವೇ ಇರೋಣ ಅದ್ರಲ್ಲಿ" ಎಂದ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಬೇರೆಯವರನ್ನು ಮೇಲೆ ಕಳಿಸಿ ಕೆಳಗೆ ಇಳಿಸಿ, ಮನೆಗೆ ಬಂದರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ನಾವು ಕೂಡಿಟ್ಟಿರೋದ್ರಲ್ಲಿ ಒಂದೇ ಕೋಣೆ ಬರೋದು. ನಿಮ್ಮ ಕಾಲು ಬಾಗಿಲ ಆಚೆ ಚಾಚ್ಕೊಂಡಿರುತ್ತೆ."

"ನಿನ್ನ ಗೊರಕೆ ಕಿಟಕಿ ಆಚೆ" ಎಂದು ಮಗಳು ಸೇರಿಸಿದಳು. ಯಾರ ಗೊರಕೆ ಎಂಬ ಬಗ್ಗೆ ಆ ಮನೆಯಲ್ಲಿ ಇನ್ನೂ ತೀರ್ಮಾನ ಆಗಿರಲಿಲ್ಲ.

ಮಾತು ನಗೆಯಲ್ಲಿ ಮುಗಿಯಿತಾದರೂ ಮೂವರಿಗೂ ಗೊತ್ತಿತ್ತು: ಇರುವುದು ಒಂದೇ ಗಂಟು. ಅಂಗಡಿಯ ಕೆಲಸ ಮುಗಿದ ಮೇಲೆ ಮನೆಯಲ್ಲಿ ಹೊಲಿದ ಹೆಚ್ಚುವರಿ ಪರದೆಗಳ ದುಡ್ಡು ಅದು, ಅವಳ ಬಿಡುವಿನ ದುಡ್ಡು, ನಿದ್ದೆಯ ದುಡ್ಡು. ಅದನ್ನು ತಪ್ಪು ಗೋಡೆಗೆ ಸುರಿದರೆ ಎರಡನೇ ಸಲ ಕೂಡಿಡಲು ಹೆಬ್ಬೆರಳು ಇರುವುದಿಲ್ಲ.

ಪಾಠ ಹೇಳಲು ನಾದಿನಿ ಬಂದಳು. ಗಂಡನ ತಂಗಿ, ಅವಳದೇ ವಾರಿಗೆ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಂಡೇ ಅಲ್ಲೊಂದು ಇಲ್ಲೊಂದು ಕೋಣೆ ಕೊಂಡು ಬಾಡಿಗೆಗೆ ಬಿಟ್ಟವಳು. ಮಾತು ಮರಳುಕಾಗದ ಉಜ್ಜಿದ ಹಾಗೆ, ಮನಸ್ಸು ಒಳ್ಳೆಯದು. ಅದನ್ನು ಆಕೆ ಯಾರಿಗೂ ತೋರಿಸಿಕೊಡುತ್ತಿರಲಿಲ್ಲ.

"ನೋಡು, ಮೊದಲನೇ ಮಾತು. ಆ ಮನೇಲಿ ನೀನು ಇರಲ್ಲ. ನಿಂಗೆ ಇಷ್ಟ ಆಯ್ತಾ ಅನ್ನೋದು ಕೆಲಸಕ್ಕೆ ಬಾರದ ಪ್ರಶ್ನೆ. ಯಾರು ಬರ್ತಾರೆ, ಯಾಕೆ ಬರ್ತಾರೆ, ಯಾಕೆ ಬಿಟ್ಟು ಹೋಗ್ತಾರೆ, ಅಷ್ಟೇ ಕೇಳ್ಕೋ. ಬೆಳಗ್ಗೆ ಒಂದ್ಸಲ ಹೋಗು, ಮಧ್ಯಾಹ್ನ ಒಂದ್ಸಲ ಹೋಗು. ನಲ್ಲಿ ತಿರುಗಿಸು. ಪಕ್ಕದ ಮನೆಯವರ ಹತ್ರ ಹರಟೆ ಹೊಡಿ. ಖಾಲಿ ಬಿದ್ದಿರೋ ತಿಂಗಳಲ್ಲೂ ಕಂತು ಕಟ್ಟೋಕೆ ಆಗುತ್ತಾ ನೋಡ್ಕೋ. ಮತ್ತೆ ಮುಖದ ಮೇಲೆ ಏನೂ ತೋರಿಸ್ಬೇಡ. ಹಲ್ಲುನೋವು ಬಂದವರ ಹಾಗೆ ಮುಖ ಇಟ್ಕೊಂಡು ಹೋಗು."

"ಆಯ್ತು."

"ಆಯ್ತು ಅಂತೀಯ, ಆಮೇಲೆ ಗೋಡೆ ಸವರ್ಕೊಂಡು ನಿಂತಿರ್ತೀಯ. ನಿನ್ನ ನಾನು ನೋಡಿಲ್ವಾ?"

ದಲ್ಲಾಳಿಯನ್ನು ಹುಡುಕಿಕೊಟ್ಟವಳೂ ನಾದಿನಿಯೇ. ಆತನನ್ನು ಎಲ್ಲರೂ ಗೊಂಚಲು ಎನ್ನುತ್ತಿದ್ದರು. ಸೊಂಟದಲ್ಲಿ ಸದಾ ಬೀಗದ ಕೈಗಳ ಒಂದು ದೊಡ್ಡ ಗೊಂಚಲು. ಆತ ನಡೆದರೆ ಬೀದಿಗೇ ತಿಳಿಯುತ್ತಿತ್ತು. ಅದೆಷ್ಟೋ ಮನೆಗಳನ್ನು ತೆರೆದು ತೋರಿಸಿ, ತಾನು ಮಾತ್ರ ತಮ್ಮನ ಮನೆಯ ಹಜಾರದಲ್ಲಿ ಮಲಗುವ ಆಸಾಮಿ. "ಅಕ್ಕೋರೇ, ನಂಗೆ ಎಲ್ಲಾ ಮನೆನೂ ನಂದೇ ಅನ್ಸುತ್ತೆ. ಅದಕ್ಕೇ ಕೊಂಡಿಲ್ಲ" ಎಂದು ಹಲ್ಲು ಕಿರಿಯುತ್ತಿದ್ದ.

ಮೊದಲು ತೋರಿಸಿದ ಮನೆಗಳಲ್ಲಿ ಹೆಚ್ಚಿನವು ಅವಳ ಗಂಟಿಗೆ ಎಟುಕಲಿಲ್ಲ. ಎಟುಕಿದವುಗಳಲ್ಲಿ ನಲ್ಲಿ ಕೆಮ್ಮುತ್ತಿತ್ತು. ಆಮೇಲೊಂದು ಸಂಜೆ ಗೊಂಚಲು ಅವಳನ್ನು ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿಸಿ, ಹತ್ತಿಸಿ, ತುತ್ತತುದಿಯ ಬಾಗಿಲಿಗೆ ಬೀಗದ ಕೈ ಹಾಕಿದ.

ಬಾಗಿಲು ತೆರೆದದ್ದೇ ತಡ, ಒಳಗಿನಿಂದ ಬೆಳಕು ಹೊರಗೆ ಬಂತು.

ಒಂದು ಕೋಣೆ, ಮೂಲೆಯಲ್ಲಿ ಗೂಡಿನಂಥ ಅಡುಗೆಮನೆ, ಅಷ್ಟೇ. ಆದರೆ ಪಡುವಣ ಗೋಡೆಯ ತುಂಬ ಕಿಟಕಿ. ಇಳಿಬಿಸಿಲು ಅದರಿಂದ ಒಳಬಂದು ನೆಲದ ಮೇಲೆ ಜೇನಿನಂತೆ ಹರಡಿ, ಗೋಡೆ ಹತ್ತಿ, ಅವಳ ಸೀರೆಯ ಅಂಚು ಹಿಡಿದುಕೊಂಡಿತು. ಗಾಳಿಯಲ್ಲಿ ಧೂಳಿನ ಕಣಗಳು ಅವಸರವಿಲ್ಲದೆ ಏಳುತ್ತ ಬೀಳುತ್ತ ಇದ್ದವು. ದೂರದಲ್ಲಿ ಮನೆಗಳ ಮಾಡು, ಒಂದು ನೀರಿನ ಟ್ಯಾಂಕು, ಅದರ ಮೇಲೆ ಸಾಲಾಗಿ ಕೂತ ಪಾರಿವಾಳ. ಅವಳು ಉಸಿರಾಡುವುದನ್ನೇ ಮರೆತಳು. ಗೊಂಚಲಿನ ಸದ್ದೂ ನಿಂತಿತ್ತು. ಆತನಿಗೂ ಗೊತ್ತು, ಯಾವ ಮನೆಯಲ್ಲಿ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು.

ಮರುದಿನದಿಂದ ಅವಳು ಆ ಕೋಣೆಯಲ್ಲೇ ಇದ್ದಳು. ಹೊಲಿಗೆ ಯಂತ್ರದ ಮುಂದೆ ಕೂತು ಕಾಲು ಆಡಿಸುತ್ತಿದ್ದರೂ ಇದ್ದದ್ದು ಅಲ್ಲಿ. ಯಂತ್ರದ ಟರ್ರೆಂಬ ಸದ್ದು ಪಾರಿವಾಳದ ಗುಟುರಿನಂತೆ ಕೇಳಿಸುತ್ತಿತ್ತು. ಕಿಟಕಿಯ ಬಳಿ ಒಂದು ಚಾಪೆ ಹಾಸುವಳು; ಬೇಡ, ಚಾಪೆಯಲ್ಲ, ಬೆತ್ತದ ಕುರ್ಚಿ. ಕೈಯಲ್ಲಿ ಚಹಾ. ಯಾರೂ ಅಮ್ಮಾ ಎಂದು ಕೂಗುವುದಿಲ್ಲ, ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ಬೆಳಕು ಮೆಲ್ಲಗೆ ಪಾದದಿಂದ ಮೊಣಕಾಲಿಗೆ, ಮೊಣಕಾಲಿಂದ ಮಡಿಲಿಗೆ ಏರುತ್ತದೆ. ಅವಳು ಏನೂ ಮಾಡುವುದಿಲ್ಲ. ಸುಮ್ಮನೆ ಇರುತ್ತಾಳೆ. ಚಹಾ ಆರಿದರೂ ಯಾರೂ ಬೈಯುವವರಿಲ್ಲ. ಹೀಗೆ ಇರುವಾಗಲೇ ಒಮ್ಮೆ ಅಂಗಡಿಯ ಮಾಲೀಕರು, "ಪರದೆಯಕ್ಕ, ಅದು ಕೆಳಗಿನ ಅಂಚು. ಅಲ್ಲಿ ಉಂಗುರ ಹಾಕ್ತಿದ್ದೀಯಲ್ಲ, ಪರದೆ ಶೀರ್ಷಾಸನ ಹಾಕುತ್ತಾ?" ಎಂದರು.

ಬಾಡಿಗೆಗೆ ಬರುವವರು ಯಾರೂ ಆ ಕನಸಿನೊಳಗೆ ಒಮ್ಮೆಯೂ ಕಾಲಿಡಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ.

ಎರಡನೇ ಸಲ ಹೋದದ್ದೂ ಸಂಜೆಯೇ. ಅಂಗಡಿ ಬಿಡುವುದೇ ಆಗ. ಈ ಸಲ ಮನೆಯ ಒಡೆಯರೂ ಬಂದಿದ್ದರು: ಹಲ್ಲಿನ ಡಾಕ್ಟರು. ಮಾತು ಮೆತ್ತಗೆ, ನಗು ಅಗಲ, ಕಣ್ಣು ಮಾತ್ರ ಎದುರಿಗಿದ್ದವರ ಬಾಯಲ್ಲಿ ಹುಳುಕು ಹುಡುಕುವಂಥದ್ದು. ಅವಳು ನಾದಿನಿ ಹೇಳಿದಂತೆ ಮುಖ ಗಂಟು ಹಾಕಿಕೊಂಡು ನಿಂತಳು. ಗೋಡೆಯ ಬಿರುಕು ತೋರಿಸಿದಳು. ಮೆಟ್ಟಿಲು ಜಾಸ್ತಿ ಎಂದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಡಾಕ್ಟರು ಫೋನಿನಲ್ಲಿ ಮಾತಾಡಲು ಆಚೆ ತಿರುಗಿದಾಗ ಅವಳ ಕೈ ಅವಳಿಗೆ ಹೇಳದೆ ಕೇಳದೆ ಚೀಲದೊಳಗೆ ಹೋಯಿತು. ಟೇಪು ಹೊರಗೆ ಬಂತು. ಕಿಟಕಿಯ ಅಗಲ ಹಿಡಿದಳು, ಎತ್ತರ ಹಿಡಿದಳು, ನೆರಿಗೆಗೆಂದು ಒಂದೂವರೆ ಪಾಲು ಕೂಡಿಸಿದಳು, ತುಟಿ ಅಲುಗಿಸುತ್ತ ಲೆಕ್ಕ ಹಾಕಿದಳು. ತಿರುಗಿ ನೋಡಿದರೆ ಡಾಕ್ಟರು ಫೋನು ಕೆಳಗಿಳಿಸಿ ಅವಳನ್ನೇ ನೋಡುತ್ತಿದ್ದರು. ನಗು ಇನ್ನಷ್ಟು ಅಗಲವಾಗಿತ್ತು.

"ಅಭ್ಯಾಸ" ಎಂದಳು ಅವಳು, ಟೇಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು.

"ಇರಲಿ, ಇರಲಿ. ನಿಧಾನವಾಗಿ ಅಳೀರಿ" ಎಂದರು ಡಾಕ್ಟರು.

ಮೆಟ್ಟಿಲಿಳಿಯುವಾಗ ಗೊಂಚಲು ಹಣೆ ಚಚ್ಚಿಕೊಂಡ. "ಏನು ಅಕ್ಕೋರೇ ನೀವು! ಮಾತುಕತೆಗೆ ಮುಂಚೆನೇ ಟೇಪು ಹಿಡಿಯೋದಾ? ಇನ್ನು ಆ ಮನುಷ್ಯ ಬೆಲೆ ಇಳಿಸ್ತಾನಾ? ಬಾಯಿ ತೆರೆದು ಕುರ್ಚಿಲಿ ಕೂತ್ಬಿಟ್ರಿ, ಈಗ ಆತ ಯಾವ ಹಲ್ಲು ಬೇಕಾದ್ರೂ ಕೀಳ್ಬಹುದು."

ಮರುದಿನವೇ ಬೆಲೆ ಏರಿತು. ನಾದಿನಿಗೆ ಸುದ್ದಿ ಮುಟ್ಟಿತು. ಆಕೆ ಬಂದವಳೇ ಕುಳಿತುಕೊಳ್ಳಲೂ ಇಲ್ಲ.

"ಲಿಫ್ಟ್ ಇಲ್ಲ, ಪಡುವಣದ ಬಿಸಿಲು. ಬರೋ ಬಾಡಿಗೆ ಕಂತಿನ ಅರ್ಧಕ್ಕೂ ಸಾಲಲ್ಲ. ಯಾರಿಗೋಸ್ಕರ ಕೊಳ್ತಿದ್ದೀಯ ಅದನ್ನ?"

"ಬೆಳಕು ಚೆನ್ನಾಗಿದೆ."

"ಬೆಳಕಿಗೆ ಬಾಡಿಗೆ ಯಾರು ಕೊಡ್ತಾರೆ, ಸೂರ್ಯನಾ?"

ಗಂಡ ಕುರ್ಚಿಯಿಂದಲೇ, "ಲಿಫ್ಟ್ ಇಲ್ಲದ ಮನೆಗೆ ನನ್ನ ಕರೀಬೇಡಿ. ನಮ್ಮ ಕಸುಬಿಗೇ ಅವಮಾನ" ಎಂದ. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿ, "ಅಲ್ಲ, ನಾನು ಲಿಫ್ಟಿನ ಹಗ್ಗ ಎಳೆದು ನೋಡದೆ ಯಾರನ್ನೂ ಒಳಗೆ ಬಿಡಲ್ಲ. ನೀನೂ ಒಂದ್ಸಲ ಎಳೆದು ನೋಡು, ಅಷ್ಟೇ" ಎಂದ.

ಅವಳ ಕಣ್ಣು ಮೇಲಕ್ಕೆ ಹೋಗಿ ಬಂತು. ಯಾಕೆಂದರೆ ಅಟ್ಟದ ಮೇಲೆ, ಹಳೆಯ ಹೊದಿಕೆಯ ಹಿಂದೆ, ಪರದೆ ಆಗಲೇ ಸಿದ್ಧವಾಗಿತ್ತು. ಬೆಣ್ಣೆ ಬಣ್ಣದ ಬಟ್ಟೆ, ಅಂಗಡಿಯಲ್ಲಿ ಉಳಿದ ಸುರುಳಿಯಿಂದ ಕಡಿಮೆಗೆ ತಂದದ್ದು. ಮಗಳು ತನ್ನ ಹಳೇ ಪುಸ್ತಕ ಹುಡುಕಲು ಅಟ್ಟ ಹತ್ತಿದವಳು ಅದನ್ನು ಎಳೆದು ತಂದು ನಡುಮನೆಯಲ್ಲಿ ಬಿಚ್ಚಿದಳು.

"ಅಮ್ಮಾ! ಇಲ್ದಿರೋ ಮನೆಗೆ ಪರದೆ ಹೊಲ್ದಿದ್ದೀಯಾ?"

ನಾದಿನಿ ಬಟ್ಟೆ ನೋಡಿದಳು. ಅವಳ ಹೆಬ್ಬೆರಳಿನ ಪಟ್ಟಿ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡು, ಪರದೆಯ ಒಂದು ತುದಿ ಹಿಡಿದು ಮಗಳ ಜೊತೆ ಸೇರಿ ಮಡಿಸತೊಡಗಿದಳು. ಅದು ಪರದೆಯಕ್ಕನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಆದರೂ ಮುಂಗಡ ಕೊಡುವುದೆಂದೇ ಹೊರಟಳು. ಡಾಕ್ಟರು ಊಟದ ಬಿಡುವಿನಲ್ಲಿ ಸಿಗುತ್ತೇನೆ ಎಂದಿದ್ದರಿಂದ ಮೊದಲ ಸಲ ಆ ಮೆಟ್ಟಿಲುಗಳನ್ನು ಮಧ್ಯಾಹ್ನ ಹತ್ತಿದಳು. ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದಳು. ಗೊಂಚಲು ಬಾಗಿಲು ತೆರೆದ. ಒಳಗಿನಿಂದ ಬಂದದ್ದು ಬೆಳಕಲ್ಲ, ಒಲೆಯ ಝಳ. ತಾರಸಿ ಕಾದು ಕೆಳಗೆ ಉಗುಳುತ್ತಿತ್ತು. ಅಡುಗೆಗೂಡಿನ ನಲ್ಲಿ ತಿರುಗಿಸಿದರೆ ಬಿಸಿನೀರು, ಅದೂ ಎರಡು ತೊಟ್ಟು. ಅವಳ ಬೆತ್ತದ ಕುರ್ಚಿ ಇದ್ದ ಜಾಗದಲ್ಲಿ ನಿಂತುಕೊಂಡಳು. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಪಾರಿವಾಳಗಳೂ ಇರಲಿಲ್ಲ, ನೆರಳು ಹುಡುಕಿಕೊಂಡು ಹೋಗಿದ್ದವು. ತಾನು ಇಷ್ಟು ದಿನ ಸಂಸಾರ ಹೂಡಿದ್ದು ಕೋಣೆಯಲ್ಲಲ್ಲ, ಸಂಜೆಯ ಒಂದು ತುಂಡಿನಲ್ಲಿ ಎಂದು ಅವಳಿಗೆ ಹೊಳೆಯಿತು. ಅದು ಮಾರಾಟಕ್ಕಿರಲಿಲ್ಲ.

ಡಾಕ್ಟರು ಬಂದು ಕೈ ಮುಗಿದು, ಇನ್ನೊಬ್ಬರು ಕೇಳುತ್ತಿದ್ದಾರೆಂದೂ ಬೆಲೆ ಇನ್ನೂ ಸ್ವಲ್ಪ ಏರಿದೆಯೆಂದೂ ಹೇಳಿದರು. "ಆದ್ರೆ ಕಿಟಕಿ ಅಳತೆ ತಗೊಂಡವರು ನೀವು. ನಿಮಗೇ ಮೊದಲ ಹಕ್ಕು."

"ಬೇಡ ಡಾಕ್ಟ್ರೇ" ಎಂದಳು. ಅಂದಮೇಲೆ ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ಅಳತೆ ನನ್ನ ಹತ್ರ ಇದೆ. ಪರದೆ ಬೇಕಾದ್ರೆ ಅಂಗಡಿಗೆ ಹೇಳಿ ಕಳಿಸಿ."

ಬೀದಿಗೆ ಬಂದಾಗ ಕಣ್ಣು ತುಂಬಿತ್ತು. ಬಿಸಿಲಿಗೆ ಎಂದುಕೊಂಡಳು. ಗೊಂಚಲು ಪಕ್ಕದಲ್ಲಿ ಸದ್ದು ಮಾಡದೆ ನಡೆಯಲು ಸೊಂಟದ ಬೀಗದ ಕೈಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ.

"ಅಕ್ಕೋರೇ, ದಾರೀಲೇ ಒಂದು ಕೋಣೆ ಇದೆ. ನಿಮಗೆ ತೋರಿಸೋಕಲ್ಲ, ಅದನ್ನ ಯಾರಿಗೆ ತೋರಿಸಿದ್ರೂ ಮೂಗು ಮುರೀತಾರೆ. ಒಂದು ಕಾಗದ ಕೊಡ್ಬೇಕು, ಎರಡು ನಿಮಿಷ. ಬರ್ತೀರಾ?"

ಬ್ರೆಡ್ ಕಾರ್ಖಾನೆಯ ಹಿಂದಿನ ಓಣಿ ಅದು. ಗಾಳಿಯೇ ಹುದುಗಿ ಬೆಂದಂತೆ ವಾಸನೆ. ಒಂದೇ ಅಳತೆಯ ಬಾಗಿಲುಗಳು, ಎಲ್ಲ ಮುಚ್ಚಿದವು. ನಡುಹಗಲಲ್ಲಿ ಇಡೀ ಓಣಿ ಉಸಿರು ಬಿಗಿಹಿಡಿದು ಮಲಗಿದ ಹಾಗೆ. ಗೊಂಚಲು ಒಂದು ಬಾಗಿಲು ತಟ್ಟಿದ. ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಸೀಳು ತೆರೆದುಕೊಂಡು ಅರೆ ಮುಚ್ಚಿದ ಕಣ್ಣೊಂದು ಕಾಣಿಸಿತು.

"ಮತ್ತೆ ಬಂದ್ರಾ? ನಿಮ್ಮ ಗೊಂಚಲು ಸದ್ದು ಕೇಳಿದ್ರೆ ನಂಗೆ ಜ್ವರ ಬರುತ್ತೆ. ಇವಳ್ಯಾರು, ಕೊಳ್ಳೋಕೆ ಬಂದವಳಾ? ಬನ್ನಿ, ಬನ್ನಿ. ಎಲ್ಲರೂ ಬನ್ನಿ. ನಿದ್ದೆ ಯಾರಿಗೆ ಬೇಕು!"

ಆ ಕೋಣೆಯ ಬಾಡಿಗೆಯವಳು, ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಬ್ರೆಡ್ಡು ಬೇಯಿಸುವವಳು. ಕೂದಲ ಬುಡದಲ್ಲಿ ಇನ್ನೂ ಹಿಟ್ಟು ಉಳಿದಿತ್ತು. ಒಳಗೆ ಕಾಲಿಟ್ಟರೆ ಕೋಣೆ ತಂಪಾಗಿತ್ತು, ಗಟ್ಟಿ ಗೋಡೆ, ನಲ್ಲಿಯಲ್ಲಿ ಧಾರಾಳ ನೀರು. ಇದ್ದ ಒಂದೇ ಕಿಟಕಿ ಕಾರ್ಖಾನೆಯ ಅಂಗಳಕ್ಕೆ ತೆರೆಯುತ್ತಿತ್ತು. ಎದುರಿನ ತಗಡಿನ ಮಾಡಿಗೆ ಬಿದ್ದ ಬಿಸಿಲು ಅಲ್ಲಿಂದ ಚಿಮ್ಮಿ ನೇರ ಹಾಸಿಗೆಗೆ ಬಂದು ಕುಟುಕುವುದು. ಗಾಜಿಗೆಲ್ಲ ಹಳೆಯ ಪೇಪರು ಅಂಟಿಸಿ, ಮೇಲೆ ಹೊದಿಕೆ ಜೋತುಬಿಟ್ಟು, ಹೊದಿಕೆ ಜಾರದಂತೆ ಚಮಚ ಸಿಕ್ಕಿಸಿದ್ದಳು. ಆದರೂ ಅಂಚಿನಿಂದ, ತೂತಿನಿಂದ, ಹರಿದ ಕಡೆಯಿಂದ ಬೆಳಕು ಸೂಜಿ ಸೂಜಿಯಾಗಿ ಒಳಗೆ ಬರುತ್ತಿತ್ತು.

"ಬಂದವರೆಲ್ಲ ಪೇಪರು ಕಿತ್ತು ಆಚೆ ನೋಡ್ತಾರೆ, ತಗಡು ಕಾಣುತ್ತೆ, ಥೂ ಅಂತ ಹೋಗ್ತಾರೆ. ನಾನು ಮತ್ತೆ ಅಂಟಿಸ್ಬೇಕು. ಮುಂದಿನ ತಿಂಗಳು ನಾನೂ ಹೋಗ್ತೀನಿ ಬಿಡಿ. ನನ್ನ ಮುಂಚೆ ಇದ್ದವಳೂ ಇದಕ್ಕೇ ಹೋದಳು, ಅವಳ ಮುಂಚಿನವಳೂ. ಇಡೀ ಓಣಿ ಹಗಲು ಮಲಗೋರು. ಬೆಳಕು ಯಾರಿಗೆ ಬೇಕಮ್ಮ ಇಲ್ಲಿ? ಕತ್ತಲೆ ಕೊಡಿ ಯಾರಾದ್ರೂ. ಕತ್ತಲೆ ಕೊಟ್ರೆ ಇನ್ನೂ ನಾಲ್ಕು ಕಾಸು ಜಾಸ್ತಿನೇ ಕೊಡ್ತೀನಿ."

ಪರದೆಯಕ್ಕ ಕಿಟಕಿಯ ಮುಂದೆ ನಿಂತಳು. ಕೈ ತಾನಾಗಿ ಚೀಲಕ್ಕೆ ಹೋಯಿತು. ಈ ಸಲ ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದಳು. ಮುಖವನ್ನು ಹಲ್ಲುನೋವಿನ ಮುಖ ಮಾಡಿಕೊಂಡು, "ಬೆಳಗ್ಗೆ ಹೊತ್ತು ಲಾರಿ ಸದ್ದು ಜಾಸ್ತೀನಾ?" ಎಂದು ಕೇಳಿದಳು.

ಗೊಂಚಲು ಕೆಮ್ಮಿದ. ಆ ಕೆಮ್ಮಿನಲ್ಲಿ ಮೆಚ್ಚುಗೆಯಿತ್ತು.

ಅಂದು ರಾತ್ರಿ ಬಿದ್ದ ಕನಸಿನಲ್ಲಿ ಅವಳು ಮೊದಲ ಬಾರಿಗೆ ತಾನೇ ಇರಲಿಲ್ಲ. ಒಂದು ಕೋಣೆ, ತುಂಬ ಕತ್ತಲೆ, ಹಾಲಿನಂತೆ ದಟ್ಟ ಕತ್ತಲೆ, ಅದರ ತಳದಲ್ಲಿ ಯಾರೋ ಮಲಗಿದ್ದಾರೆ. ಹೊರಗೆ ಹಗಲು ಬಾಗಿಲು ಬಡಿಯುತ್ತಿದೆ. ಒಳಗೆ ಬರಲಾರದು. ಮಲಗಿದವರ ಉಸಿರು ಏರುತ್ತದೆ, ಇಳಿಯುತ್ತದೆ. ಬಾಗಿಲ ಬಳಿ ಅವಳ ಹೊಲಿಗೆ ಯಂತ್ರ ಕಾವಲು ಕೂತ ನಾಯಿಯಂತೆ ಮುದುರಿ ಕೂತಿದೆ.

ಈ ಸಲ ಹಗ್ಗ ಎಳೆದು ನೋಡಿದಳು. ನಾದಿನಿಯನ್ನು ಕರೆದುಕೊಂಡು ಬೆಳಗ್ಗೆ ಹೋದಳು; ರಾತ್ರಿ ಪಾಳಿ ಮುಗಿಸಿದ ಜನ ಮೈಗೆ ಹಿಟ್ಟು ಮೆತ್ತಿಕೊಂಡು, ಅರ್ಧ ನಿದ್ದೆಯಲ್ಲೇ ಬೀಗ ತೆಗೆಯುವುದನ್ನು ನೋಡಿದರು. ಮಧ್ಯಾಹ್ನ ಹೋದಳು, ಹೆಚ್ಚುಕಡಿಮೆ ಎಲ್ಲ ಕಿಟಕಿಗೂ ಪೇಪರು. ನಾದಿನಿ ಓಣಿಯ ಮೂಲೆಯ ಚಹಾದಂಗಡಿಯವನ ಹತ್ತಿರ ಅಷ್ಟು ಹೊತ್ತು ಹರಟಿದಳೆಂದರೆ, ಕೋಣೆಯ ಚರಿತ್ರೆಯ ಜೊತೆಗೆ ಅವನ ಮಾವನ ಮಂಡಿನೋವಿನ ಚರಿತ್ರೆಯನ್ನೂ ಹೊತ್ತು ಬಂದಳು. ಲೆಕ್ಕ ಹಾಕಿದರು. ಕಂತಿಗೆ ಬಾಡಿಗೆ ಸರಿಹೋಗಿ ಸ್ವಲ್ಪ ಉಳಿಯುತ್ತಿತ್ತು. ಆದರೆ ಕೋಣೆ ತಿಂಗಳುಗಟ್ಟಲೆ ಖಾಲಿ ಬೀಳದಿದ್ದರೆ ಮಾತ್ರ.

"ನೋಡೋಕೆ ಚೆನ್ನಾಗಿಲ್ಲ" ಎಂದಳು ನಾದಿನಿ. ಆಕೆಯ ಬಾಯಲ್ಲಿ ಅದು ಹೊಗಳಿಕೆ. "ಆದ್ರೆ ಇವಳು ನಿಲ್ಲಬೇಕು. ಕೊಂಡ ತಿಂಗಳೇ ಬಾಡಿಗೆಯವಳು ಹೋದ್ರೆ ಬ್ಯಾಂಕಿನವನು ನಿನ್ನ ಹೆಬ್ಬೆರಳಿನ ಕಥೆ ಕೇಳಲ್ಲ."

ಕೋಣೆ ಕೊಂಡ ದಿನ ನೋಂದಣಿ ಕಚೇರಿಯಲ್ಲಿ ಸಹಿ ಮಾಡಿಸಿಕೊಂಡವರು ಹೆಬ್ಬೆಟ್ಟಿನ ಗುರುತೂ ಬೇಕೆಂದರು. ಮುನಿದ ಹೆಬ್ಬೆರಳನ್ನು ಶಾಯಿಗೆ ಒತ್ತಿ ಕಾಗದದ ಮೇಲಿಟ್ಟಾಗ ಬುಡದಲ್ಲಿ ಛಳಕ್ಕೆಂದಿತು. ಗುರುತು ಅರ್ಧ ಮಸುಕಾಗಿ ಬಂತು. ಸವೆದಿತ್ತಲ್ಲ. "ಇನ್ನೊಂದ್ಸಲ ಒತ್ತಮ್ಮ" ಎಂದರು. ಒತ್ತಿದಳು. ಗಂಡ ಪಕ್ಕದಲ್ಲಿ ನಿಂತು, ತನಗೇ ನೋವಾದಂತೆ ಹಲ್ಲು ಕಚ್ಚಿದ.

ಬ್ರೆಡ್ಡಿನವಳ ಗಂಟು ಮೂಟೆ ಆಗಲೇ ಅರ್ಧ ಕಟ್ಟಿತ್ತು. ಗೆಳತಿಯೊಬ್ಬಳು ಬೇರೆ ಕಡೆ ಜಾಗ ಕೊಡುತ್ತೇನೆ ಎಂದಿದ್ದಳಂತೆ.

"ಒಂದು ದಿನ ಕೊಡು" ಎಂದಳು ಪರದೆಯಕ್ಕ. "ನಿನ್ನ ರಜೆ ದಿನ ಎಲ್ಲಾದ್ರೂ ಹೋಗಿ ಬಾ, ಬೀಗದ ಕೈ ನನ್ನ ಹತ್ರ ಇರ್ಲಿ. ಸಂಜೆ ಬಂದು ನೋಡು. ಬೇಡ ಅನ್ಸಿದ್ರೆ ಹೋಗು, ಮೂಟೆ ಹೊರೋಕೆ ನಾನೇ ಬರ್ತೀನಿ."

"ಮನೆ ಒಡತಿಯರು ಹಿಂಗೆಲ್ಲ ಮಾತಾಡಲ್ಲ."

"ನಾನು ಹೊಸಬಳು. ಇನ್ನೂ ಕಲಿತಿಲ್ಲ."

ಬೆಣ್ಣೆ ಬಣ್ಣದ ಪರದೆಯನ್ನು ಅಟ್ಟದಿಂದ ಇಳಿಸಿದರು. ಕತ್ತರಿ ಇಡುವ ಮುನ್ನ ಅವಳು ಒಂದು ಗಳಿಗೆ ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಪಡುವಣದ ಕಿಟಕಿ, ಪಾರಿವಾಳ, ಆರಿದ ಚಹಾ, ಎಲ್ಲ ಆ ಮಡಿಕೆಗಳಲ್ಲಿ ಇನ್ನೂ ಇದ್ದವು. ಆಮೇಲೆ ಕತ್ತರಿಸಿದಳು. ಹಿಂದುಗಡೆಗೆ ಕತ್ತಲೆ ಬಟ್ಟೆ ಕೊಟ್ಟಳು. ಸಿನಿಮಾ ಹಾಲುಗಳಿಗೆ, ಆಸ್ಪತ್ರೆಗಳಿಗೆ ಹೊಲಿಯುವಾಗ ಹಾಕುವ ದಪ್ಪ ಕರಿ ಒಳಪದರ ಅದು. ಅಂಗಡಿಯಲ್ಲಿ ಎಲ್ಲರೂ ಅದನ್ನು ಕತ್ತಲೆ ಬಟ್ಟೆ ಎಂದೇ ಕರೆಯುತ್ತಿದ್ದರು. ಹೆಬ್ಬೆರಳು ಒಪ್ಪದ ಕಡೆ ಮಗಳು ಬಟ್ಟೆ ತಳ್ಳಿದಳು. "ಅಮ್ಮ, ನೇರ ಬರ್ತಿದ್ಯಾ?" "ಬರ್ತಿದೆ. ನಿನ್ನ ಹಾಗೆ ಸ್ವಲ್ಪ ಸೊಟ್ಟ."

ಬ್ರೆಡ್ಡಿನವಳ ರಜೆಯ ದಿನ ಮಧ್ಯಾಹ್ನ ಗಂಡ ಕೊರೆಯುವ ಯಂತ್ರ ತಂದು ಕಂಬಿ ಕೂರಿಸಿಕೊಟ್ಟ. ಗೋಡೆಯಿಂದ ಗೋಡೆಗೆ, ಮೇಲಿನಿಂದ ನೆಲದವರೆಗೆ. ಅವಳು ಹಳೆಯ ಪೇಪರುಗಳನ್ನು ನೀರು ಹಚ್ಚಿ ಕೆರೆದು ತೆಗೆದಳು. ಬಿಸಿಲು ಒಳನುಗ್ಗಿ ಕೋಣೆಯ ಮೂಲೆ ಮೂಲೆ ತಡಕಿತು. ಗಂಡ ಕೆಲಸಕ್ಕೆ ಹೋದ. ಮಗಳು ಶಾಲೆಯಲ್ಲಿದ್ದಳು. ಅವಳು ಉಂಗುರಗಳನ್ನು ಪೋಣಿಸಿ, ಅಂಚುಗಳನ್ನು ಗೋಡೆಗೆ ಅಂಟುಪಟ್ಟಿಯಿಂದ ಕಚ್ಚಿಸಿ, ಕೊನೆಗೆ ಪರದೆಯ ಎರಡೂ ಪಕ್ಕಗಳನ್ನು ನಿಧಾನ ಎಳೆದಳು.

ಬೆಳಕು ಕಿರಿದಾಯಿತು. ಒಂದು ಪಟ್ಟಿಯಾಯಿತು. ದಾರವಾಯಿತು. ಹೋಯಿತು.

ಕತ್ತಲೆ ಸರಿಯಾಗಿದೆಯೇ ನೋಡಬೇಕಿತ್ತು. ನಿಂತಲ್ಲಿಂದ ನೋಡಿದರೆ ತಿಳಿಯದು. ಬೆಳಕಿನ ಸೂಜಿಗಳು ಚುಚ್ಚುವುದು ಮಲಗಿದವರನ್ನು. ಹಾಸಿಗೆ ಬೇರೆಯವರದು, ಅದನ್ನು ಮುಟ್ಟಬಾರದೆಂದು ಬರಿ ನೆಲದ ಮೇಲೆ, ಚೀಲವನ್ನು ತಲೆಗಿಟ್ಟುಕೊಂಡು ಒರಗಿದಳು. ಮೇಲೆ ನೋಡಿದಳು. ಏನೂ ಇರಲಿಲ್ಲ. ಅಂಚು ನೋಡಿದಳು, ಏನೂ ಇರಲಿಲ್ಲ. ತನ್ನ ಕೈಯನ್ನು ಮುಖದ ಮುಂದೆ ಹಿಡಿದಳು. ಕೈಯೂ ಇರಲಿಲ್ಲ, ಹೆಬ್ಬೆರಳೂ ಇರಲಿಲ್ಲ. ಹೊರಗೆಲ್ಲೋ ಲಾರಿಯೊಂದು ಹಿಂದೆ ಹಿಂದೆ ಸರಿಯುತ್ತಿತ್ತು. ಬ್ರೆಡ್ಡಿನ ವಾಸನೆ ಕೋಣೆಯೊಳಗೆ ಬಂದು, ತಾಯಿಯ ಸೆರಗಿನಂತೆ ಮೂಗಿಗೆ ತಾಗಿ ನಿಂತಿತು. ಇನ್ನೊಂದು ನಿಮಿಷ, ಎಂದುಕೊಂಡಳು. ಎಡಗಡೆ ಮೇಲಿನ ಮೂಲೆ ಒಂದು ನೋಡಿಬಿಟ್ಟರೆ ಆಯಿತು. ಅಮ್ಮಾ ಎಂದು ಕೂಗುವವರು ಯಾರೂ ಇರಲಿಲ್ಲ. ಕುಕ್ಕರ್ ಇರಲಿಲ್ಲ, ಅಂಗಡಿ ಇರಲಿಲ್ಲ. ಕತ್ತಲೆ ಪಾದದಿಂದ ಮೊಣಕಾಲಿಗೆ, ಮೊಣಕಾಲಿಂದ ಮಡಿಲಿಗೆ ಏರಿತು, ಬೆಚ್ಚಗೆ, ಅವಸರವಿಲ್ಲದೆ. ಅವಳು ಎಷ್ಟೋ ವರ್ಷಗಳಿಂದ ಪರದೆ ಪರದೆಯಾಗಿ ಹೊಲಿದು ಮಾರಿಕೊಂಡಿದ್ದ ನಿದ್ದೆಯೆಲ್ಲ ಒಂದೇ ಸಲಕ್ಕೆ ಹಿಂತಿರುಗಿ ಬಂದು ಮೇಲೆ ಹೊದ್ದುಕೊಂಡಿತು.

ಯಾರೋ ಭುಜ ಅಲುಗಿಸುತ್ತಿದ್ದರು. ಕಣ್ಣು ಬಿಟ್ಟಳು. ತೆರೆದ ಬಾಗಿಲಿನಲ್ಲಿ ಸಂಜೆ. ಬ್ರೆಡ್ಡಿನವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿ ನೋಡುತ್ತಿದ್ದಳು. ಅವಳ ಹಿಂದೆ ಬಾಗಿಲ ಹೊರಗೆ ಗಂಡ, ನಾದಿನಿ, ಗೊಂಚಲು; ಹೊತ್ತಾದರೂ ಮನೆಗೆ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರು.

"ಎಷ್ಟು ಹೊತ್ತಿನಿಂದ ಬಾಗಿಲು ಬಡೀತಿದ್ದೀವಿ ಗೊತ್ತಾ?" ಎಂದ ಗಂಡ, ದನಿಯಲ್ಲಿ ಇನ್ನೂ ಗಾಬರಿ. "ಕೊನೆಗೆ ಗೊಂಚಲು ಬಂದು ತೆಗೆದ."

"ಬಡಿಯೋದಕ್ಕೆ ಮುಂಚೆ ಗೊರಕೆ ಕೇಳಿಸ್ತು. ಜೀವಕ್ಕೇನೂ ಆಗಿಲ್ಲ ಅಂತ ಆಗಲೇ ಗೊತ್ತಾಯ್ತು" ಎಂದಳು ನಾದಿನಿ.

ಅವಳು ದಡಬಡಿಸಿ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಕೆನ್ನೆಯ ಮೇಲೆ ಚೀಲದ ಗುಂಡಿಯ ಅಚ್ಚು. "ಎಡಗಡೆ ಮೂಲೆ ನೋಡ್ತಿದ್ದೆ" ಎಂದಳು.

ಬ್ರೆಡ್ಡಿನವಳು ಎಲ್ಲರನ್ನೂ ಹೊರಗೆ ಸರಿಸಿ, ಬಾಗಿಲು ಹಾಕಿಕೊಂಡು ಒಳಗೊಬ್ಬಳೇ ನಿಂತಳು. ಓಣಿಯಲ್ಲಿ ನಾಲ್ವರೂ ಕಾದರು. ಗೊಂಚಲು ಬೀಗದ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಒಳಗಿನಿಂದ ಸದ್ದಿಲ್ಲ. ಪರದೆಯಕ್ಕ ಪಟ್ಟಿ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

ಆಮೇಲೆ ಒಳಗೆ ಏನೋ ಧಪ್ಪೆಂದಿತು. ಕಟ್ಟಿಟ್ಟ ಮೂಟೆಯೊಂದರ ಗಂಟು ಬಿಚ್ಚಿ, ಪಾತ್ರೆಗಳು ನೆಲದ ಮೇಲೆ ಇಳಿಯುವ ಸದ್ದು.

ಬಾಗಿಲು ಒಂದು ಸೀಳು ತೆರೆಯಿತು. ಕತ್ತಲೆಯೊಳಗಿನಿಂದ ತಲೆ ಮಾತ್ರ ಆಚೆ ಬಂತು.

"ಒಂದು ಮಾತು ಮೊದಲೇ ತೀರ್ಮಾನ ಆಗ್ಲಿ ಅಕ್ಕ" ಎಂದಳು ಬ್ರೆಡ್ಡಿನವಳು. "ಬಾಡಿಗೆ ನಾನು ಕೊಡ್ತೀನಿ. ಆದ್ರೆ ಮಲಗೋದೂ ನಾನೇ."